ಹಳೆಯ ಡ್ರಾಕರ್ ನ್ವಾರ್: ತರಿಸಿದ್ದು, ಕಾದದ್ದು, ಹಾಕಿಕೊಂಡದ್ದು

ಹಳೆಯ ಕಾಲದ ಗಂಡಸರ ಸೆಂಟನ್ನು ಹೊರದೇಶದಿಂದ ತರಿಸಬೇಕು ಅಂತ ಯೋಚಿಸುತ್ತಿರುವವರು ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ. ನನಗೆ ಬೇಕಿದ್ದದ್ದು ಡ್ರಾಕರ್ ನ್ವಾರ್, ಅದರಲ್ಲೂ ಹಳೆಯ ತಯಾರಿಕೆಯದ್ದು. ಹುಡುಕಾಟ ಶುರುವಾದದ್ದು ಬೇಸಿಗೆಯಲ್ಲಿ. ಸೀಸೆ ತುಮಕೂರಿಗೆ ಬಂದು ಮುಟ್ಟಿದ್ದು ಧನುರ್ಮಾಸದ ಚಳಿಯಲ್ಲಿ. ಬಂದ ಮೇಲೂ ಅದನ್ನು ಹಾಕಿಕೊಂಡು ಮನೆಯಿಂದ ಹೊರಗೆ ಹೋಗುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಈ ಮಧ್ಯೆ ನಡೆದದ್ದನ್ನು ಯಾರಾದರೂ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಎಷ್ಟೋ ರಾತ್ರಿಗಳ ಚಿಂತೆ ನನಗೆ ತಪ್ಪುತ್ತಿತ್ತು.

ಡ್ರಾಕರ್ ನ್ವಾರ್ ಬಂದದ್ದು 1982ರಲ್ಲಿ, ಗೀ ಲರೋಶ್ ಅನ್ನುವ ಫ್ರೆಂಚ್ ವಸ್ತ್ರವಿನ್ಯಾಸಕರ ಹೆಸರಿನಲ್ಲಿ. ಅದನ್ನು ಹದಗೊಳಿಸಿದವರು ಪಿಯರ್ ವಾರ್ನಿಯೆ. ಕಪ್ಪು ಸೀಸೆ, ಬೆಳಕಿಗೆ ಹಿಡಿದರೂ ಒಳಗಿನದ್ದು ಕಾಣುವುದಿಲ್ಲ. ನಮ್ಮ ಕಡೆ ಅದನ್ನು ಅಂಗಡಿಯಲ್ಲಿ ನೋಡಿದವರಿಗಿಂತ ಗಲ್ಫ್‌ನಿಂದ ರಜಕ್ಕೆ ಬಂದವರ ಪೆಟ್ಟಿಗೆಯಲ್ಲಿ ನೋಡಿದವರೇ ಜಾಸ್ತಿ. ನನಗೂ ಅದು ಗೊತ್ತಾದದ್ದು ಹಾಗೆಯೇ. ಚಿಕ್ಕಪ್ಪ ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಗುಬ್ಬಿಗೆ ಬಂದಾಗ ಅವರ ಅಂಗಿಗಳಿಂದ ಒಂದು ಘಮ ಬರೋದು; ಒಗರು, ತಂಪು, ಸ್ವಲ್ಪ ಚರ್ಮದ ವಾಸನೆ, ಸ್ವಲ್ಪ ಮಳೆಗಾಲದ ಕಾಡಿನ ವಾಸನೆ. ನಾನಾಗ ಹೈಸ್ಕೂಲು. ಆ ಘಮ ನನ್ನ ಮೂಗಿನಲ್ಲಿ ಉಳಿದುಬಿಟ್ಟಿತ್ತು.

ಮೊದಲು ಈಗ ಮಾರುಕಟ್ಟೆಯಲ್ಲಿ ಸಿಗುವ ಡ್ರಾಕರ್ ನ್ವಾರನ್ನೇ ಕೊಂಡೆ. ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಿಂಬೆ, ಲ್ಯಾವೆಂಡರ್, ರೋಸ್‌ಮರಿ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ, ಆಗತಾನೆ ಸ್ನಾನ ಮಾಡಿ ಬಂದ ಹಾಗೆ ಅನ್ನಿಸುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಉಳಿಯಬೇಕಾದ ಆ ಒಗರು ಇರಲಿಲ್ಲ. ಕೆಳಗಿನ ಒಂದು ಮೆಟ್ಟಿಲು ಇಲ್ಲ ಅನ್ನಿಸಿತು.

ಯಾಕೆ ಅಂತ ಓದಿಕೊಂಡೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹಳೆಯದ್ದಕ್ಕೆ ದುಡ್ಡು ಹಾಕಬೇಕೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ. 70–80ರ ದಶಕದ ಗಂಡಸರ ಸೆಂಟುಗಳಿಗೆ ಬುನಾದಿಯಾಗಿದ್ದದ್ದು ಓಕ್ ಮರದ ಕಲ್ಲುಹೂವು. ಇಂಗ್ಲಿಷಿನಲ್ಲಿ ಓಕ್‌ಮಾಸ್ ಅಂತಾರೆ, ಆದರೆ ಅದು ಪಾಚಿ ಜಾತಿಯದ್ದಲ್ಲ. ನಮ್ಮ ಮಸಾಲೆ ಪುಡಿಗೆ ಹುರಿದು ಹಾಕುವ ಕಲ್ಲುಹೂವಿನ ಕುಟುಂಬಕ್ಕೇ ಸೇರಿದ್ದು. ಮಂಡಿಪೇಟೆಯಲ್ಲಿ ಹತ್ತು ರೂಪಾಯಿಗೆ ಒಂದು ಹಿಡಿ ಕಲ್ಲುಹೂವು ತಂದು, ಅಂಗೈಯಲ್ಲಿ ಉಜ್ಜಿ, ಬಾಯಿಂದ ಬಿಸಿಯುಸಿರು ಬಿಟ್ಟು ಮೂಸಿ ನೋಡಿ. ಒಣ ಮರ, ಮಣ್ಣು, ಸ್ವಲ್ಪ ಕಹಿ, ಹಿಂದೆ ಎಲ್ಲೋ ಒಂದಿಷ್ಟು ಉಪ್ಪು. ನಾನು ಹುಡುಕುತ್ತಿದ್ದ ವಾಸನೆಯ ಅರ್ಧ ಭಾಗ ನಮ್ಮ ಅಡುಗೆಮನೆಯ ಡಬ್ಬದಲ್ಲೇ ಇತ್ತು.

ಆ ಓಕ್ ಕಲ್ಲುಹೂವಿನ ಸಾರದಲ್ಲಿ ಅಟ್ರನಾಲ್, ಕ್ಲೋರೋಅಟ್ರನಾಲ್ ಅಂತ ಎರಡು ವಸ್ತುಗಳಿರುತ್ತವೆ. ಕೆಲವರ ಚರ್ಮಕ್ಕೆ ಅವು ಅಲರ್ಜಿ ಮಾಡುತ್ತವೆ. ಹಾಗಾಗಿ ಸೆಂಟು ತಯಾರಕರ ಮೇಲೆ ವರ್ಷದಿಂದ ವರ್ಷಕ್ಕೆ ಮಿತಿಗಳು ಬಿಗಿಯಾದವು. ಕೊನೆಗೆ ಐರೋಪ್ಯ ಒಕ್ಕೂಟ 2017ರಲ್ಲಿ ನಿಯಮ ತಂದು ಈ ಎರಡನ್ನೂ ನಿಷೇಧಿಸಿತು. 2021ರ ಆಗಸ್ಟ್‌ನಿಂದ ಅವು ಇರುವ ಸರಕು ಅಲ್ಲಿನ ಅಂಗಡಿಗಳಲ್ಲಿ ಇರುವಂತಿಲ್ಲ. ಚರ್ಮದ ಆರೋಗ್ಯಕ್ಕಾಗಿ ತಂದ ನಿಯಮ, ತಪ್ಪು ಅನ್ನುವುದಕ್ಕಾಗುವುದಿಲ್ಲ. ಆದರೆ ಹಳೆಯ ಸೂತ್ರದ ಸೆಂಟು ಬೇಕು ಅಂದರೆ ಹಳೆಯ ಸೀಸೆಯನ್ನೇ ಹುಡುಕಬೇಕು, ಬೇರೆ ದಾರಿ ಇಲ್ಲ.

ಹುಡುಕಿದಾಗ ಜರ್ಮನಿಯ ಒಬ್ಬರು 100 ಮಿಲಿಯ ಸ್ಪ್ರೇ ಸೀಸೆಯನ್ನು ಡಬ್ಬದ ಸಮೇತ ಮಾರಾಟಕ್ಕಿಟ್ಟಿದ್ದರು. 75 ಯೂರೊ, ಅಂದರೆ ಏಳು ಸಾವಿರ ರೂಪಾಯಿಯ ಹತ್ತಿರ. ಇಲ್ಲಿ ನಾನು ಮಾಡಿದ ಕೆಲವು ಪರೀಕ್ಷೆಗಳು ನಿಮಗೂ ಉಪಯೋಗಕ್ಕೆ ಬರಬಹುದು. ಡಬ್ಬದ ಆರೂ ಮುಖಗಳ ಫೋಟೋ ಕೇಳಿ. 2005ರ ಮಾರ್ಚ್‌ನಿಂದ ಯುರೋಪಿನಲ್ಲಿ ಅಲರ್ಜಿ ಮಾಡಬಲ್ಲ 26 ಸುಗಂಧ ವಸ್ತುಗಳಲ್ಲಿ ಯಾವುದು ಮಿತಿಗಿಂತ ಜಾಸ್ತಿ ಇದ್ದರೂ ಡಬ್ಬದ ಮೇಲೆ ಹೆಸರು ಹಾಕುವುದು ಕಡ್ಡಾಯವಾಯಿತು. ಲಿಮೊನೀನ್, ಲಿನಲೂಲ್, ಕೂಮರಿನ್ ಅಂತ ಸಾಲಾಗಿ ಹೆಸರುಗಳಿದ್ದರೆ ಅದು ಆಮೇಲಿನ ಸರಕು ಅಂತಲೇ ಲೆಕ್ಕ. ಯುರೋಪಿನ ಡಬ್ಬದಲ್ಲಿ ಆ ಸಾಲು ಇಲ್ಲದಿದ್ದರೆ ಅದಕ್ಕಿಂತ ಹಳೆಯದ್ದಾಗಿರುವ ಸಾಧ್ಯತೆ ಹೆಚ್ಚು. ಸೀಸೆಯ ತಳದಲ್ಲಿರುವ ಬ್ಯಾಚ್ ನಂಬರೂ ಡಬ್ಬದ ನಂಬರೂ ಒಂದೇನಾ ನೋಡಿ. ಈ ಸೆಂಟಿಗೆ ನಕಲಿಗಳೂ ಇವೆ, ಹಾಗಾಗಿ ಅಕ್ಷರಗಳ ಅಚ್ಚು, ಮುಚ್ಚಳ ಕೂರುವ ಜಾಗ, ಗಾಜಿನ ಅಂಚು ಇವುಗಳ ಹತ್ತಿರದ ಫೋಟೋ ಬೇಕೇ ಬೇಕು.

ಕಪ್ಪು ಸೀಸೆಯ ಕಷ್ಟವೆಂದರೆ ಒಳಗೆ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕದ ಫೋಟೋ ಕಳಿಸಿ ಅಂತ ಕೇಳಿದೆ. ಸೆಂಟಿನ ಬಹುಭಾಗವಾದ ಮದ್ಯಸಾರ ನೀರಿಗಿಂತ ಹಗುರ, ಹಾಗಾಗಿ 100 ಮಿಲಿ ಸೆಂಟು ಸುಮಾರು 85 ಗ್ರಾಂ ತೂಗುತ್ತದೆ. ನನ್ನ ಹತ್ತಿರವಿದ್ದ ಹೊಸ ಸೀಸೆಯ ತೂಕದ ಜೊತೆ ತಾಳೆ ಹಾಕಿದರೆ ಹೆಚ್ಚುಕಡಿಮೆ ಅಂದಾಜು ಸಿಕ್ಕಿತು. ಗಾಜಿನ ದಪ್ಪ ಬೇರೆ ಇರಬಹುದು, ಆದರೂ ಅರ್ಧ ಖಾಲಿಯಾಗಿದ್ದರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಅದೇ ಕಪ್ಪು ಗಾಜಿನಿಂದ ಒಂದು ದೊಡ್ಡ ಲಾಭವೂ ಇದೆ. ಸೆಂಟಿಗೆ ಶತ್ರುಗಳು ಮೂರು: ಬೆಳಕು, ಬಿಸಿ, ಗಾಳಿ. ಬೆಳಕಿನ ಕಾಟ ಈ ಸೀಸೆಗೆ ಹುಟ್ಟಿನಿಂದಲೇ ಇಲ್ಲ. ಮೊದಲ ಬಾರಿ ಹಳೆಯದ್ದನ್ನು ಕೊಳ್ಳುವವರು ಪಾರದರ್ಶಕ ಸೀಸೆಗಿಂತ ಇಂಥದ್ದನ್ನು, ಸುರಿದುಕೊಳ್ಳುವ ಸೀಸೆಗಿಂತ ಸ್ಪ್ರೇ ಇರುವುದನ್ನು ಆರಿಸಿಕೊಳ್ಳುವುದು ಕ್ಷೇಮ. ಸ್ಪ್ರೇ ಸೀಸೆಯ ಬಾಯಿ ಬಿಗಿಯಾಗಿರುತ್ತದೆ, ಗಾಳಿ ಅಷ್ಟಾಗಿ ಒಳಗೆ ಹೋಗುವುದಿಲ್ಲ.

ದುಡ್ಡು ಕಳಿಸಿದೆ. ಅಲ್ಲಿಂದ ಕಷ್ಟ ಶುರುವಾಯಿತು.

ಪಾರ್ಸಲ್ ಹೊರಟಿತು ಅಂತ ಮೆಸೇಜು ಬಂತು, ಒಂದಷ್ಟು ದಿನ ಯಾವ ಸುದ್ದಿಯೂ ಇಲ್ಲ. ಆಮೇಲೆ ಪಾರ್ಸಲ್ ಸಾಗಿಸುವವರು ಕೆವೈಸಿ ಕೇಳಿದರು. ಆಧಾರ್ ಪ್ರತಿ, ದುಡ್ಡು ಕಟ್ಟಿದ ದಾಖಲೆ, ಮಾರಿದವರ ಬಿಲ್, ಇದು ಸ್ವಂತ ಬಳಕೆಗೆ, ಮಾರಾಟಕ್ಕಲ್ಲ ಅಂತ ಸಹಿ ಮಾಡಿದ ಪತ್ರ. ಎಲ್ಲ ಅಪ್‌ಲೋಡ್ ಮಾಡಿದೆ. ಬಿಲ್‌ನಲ್ಲಿ ವಸ್ತುವಿನ ವಿವರ ಜರ್ಮನ್‌ನಲ್ಲಿದೆ, ಇಂಗ್ಲಿಷ್‌ನಲ್ಲಿ ಬೇಕು ಅಂದರು. ಮಾರಿದವರಿಗೆ ಬರೆದು ತರಿಸಿಕೊಟ್ಟೆ. ಅದಾದ ಮೇಲೆ ಬಂದದ್ದು ನಿಜವಾದ ಪೆಟ್ಟು: ಇದು ಬೆಂಕಿ ಹತ್ತುವ ದ್ರವ, ಕಳಿಸಿದವರಿಂದ ಸುರಕ್ಷತಾ ದಾಖಲೆ ಮತ್ತು ಅಪಾಯಕಾರಿ ಸರಕಿನ ಘೋಷಣೆ ಬೇಕು, ಇಲ್ಲದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ಈ ವಿಷಯ ಎಲ್ಲರಿಗೂ ಗೊತ್ತಿರಬೇಕು. ಸೆಂಟಿನಲ್ಲಿ ಬಹುಪಾಲು ಮದ್ಯಸಾರ. ವಿಮಾನ ಸಾಗಣೆಯ ನಿಯಮದಲ್ಲಿ ಸುಗಂಧ ದ್ರವ್ಯಗಳಿಗೆ ಯುಎನ್ 1266 ಅನ್ನುವ ಸಂಖ್ಯೆ ಇದೆ, ಬೆಂಕಿ ಹತ್ತುವ ದ್ರವಗಳ 3ನೇ ವರ್ಗಕ್ಕೆ ಅವು ಸೇರುತ್ತವೆ. ಕಂಪನಿಗಳಾದರೆ ಅದಕ್ಕೆ ಬೇಕಾದ ಪ್ಯಾಕಿಂಗ್, ಲೇಬಲ್, ಘೋಷಣೆ ಎಲ್ಲ ಮಾಡಿ ಕಳಿಸುತ್ತವೆ. ಮನೆಯ ಕಪಾಟಿನಿಂದ ಒಂದು ಹಳೆಯ ಸೀಸೆ ತೆಗೆದು ಮಾರುವವರಿಂದ ಅದು ಆಗದ ಕೆಲಸ. ಸುರಕ್ಷತಾ ದಾಖಲೆ ಎಲ್ಲಿಂದ ತರುತ್ತಾರೆ? ಆ ದಾಖಲೆಗಾಗಿ ನಾನು ಮೇಲ್ ಮೇಲೆ ಮೇಲ್ ಬರೆದೆ, ಫೋನ್ ಮಾಡಿದೆ, ಪ್ರತಿ ಸಲವೂ ಬೇರೆ ಬೇರೆ ದನಿ, ಅದೇ ಉತ್ತರ. ಆಫೀಸಿನಲ್ಲಿ ಕೂತು ಪದೇಪದೇ ಟ್ರ್ಯಾಕಿಂಗ್ ತೆಗೆದು ನೋಡುವುದು, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡುವುದು. ಅಷ್ಟು ವರ್ಷ ಯಾರದೋ ಕಪಾಟಿನಲ್ಲಿ ಕ್ಷೇಮವಾಗಿದ್ದ ಸೀಸೆ ಈಗ ಯಾವ ಗೋದಾಮಿನ ಸೆಖೆಯಲ್ಲಿ ಬಿದ್ದಿದೆಯೋ ಅನ್ನುವುದೇ ನನ್ನ ಸಂಕಟ. ಕೊನೆಗೆ ಪಾರ್ಸಲ್ ಹಿಂದಕ್ಕೆ ಹೋಯಿತು.

ಮಾರಿದವರು ಸಜ್ಜನರು. ಹಿಂದೆ ಬಂದ ಮೇಲೆ, ಸೀಸೆ ಒಡೆದಿಲ್ಲ, ದುಡ್ಡು ವಾಪಸ್ ಬೇಕಾದರೆ ಕೊಡುತ್ತೇನೆ, ಇಲ್ಲದಿದ್ದರೆ ಜರ್ಮನಿಯೊಳಗೆ ಯಾವ ವಿಳಾಸಕ್ಕಾದರೂ ಕಳಿಸುತ್ತೇನೆ ಅಂತ ಬರೆದರು. ಸಾಗಣೆಗೆ ಕೊಟ್ಟ 28 ಯೂರೊ ಮಾತ್ರ ಹೋದ ಹಾಗೆಯೇ. ಅಕ್ಕನ ಮಗಳು ಅಲ್ಲೇ ಓದುತ್ತಿದ್ದಾಳೆ. ಫೋನ್ ಮಾಡಿ ಕೇಳಿದೆ. "ಅಷ್ಟೇ ತಾನೆ ಮಾವ, ನನ್ನ ರೂಮಿಗೆ ಕಳಿಸೋಕೆ ಹೇಳಿ, ಡಿಸೆಂಬರ್‌ನಲ್ಲಿ ಬರ್ತೀನಲ್ಲ" ಅಂದಳು. ಅವಳ ಡಿಸೆಂಬರ್ ಬರುವವರೆಗೆ ಕಾಯುವುದೊಂದೇ ಉಳಿದದ್ದು. ಗಣಪತಿ ಹಬ್ಬ ಹೋಯಿತು, ದಸರಾ ಹೋಯಿತು, ದೀಪಾವಳಿಯೂ ಹೋಯಿತು.

ಪ್ರಯಾಣಿಕರು ತರುವುದಾದರೆ ನಿಯಮ ಸಡಿಲ. ಚೆಕ್-ಇನ್ ಲಗೇಜಿನಲ್ಲಿ ಒಂದೊಂದು ಸೀಸೆ 500 ಮಿಲಿ ಮೀರಬಾರದು, ಈ ಥರದ ವಸ್ತುಗಳೆಲ್ಲ ಸೇರಿ ತಲೆಗೆ 2 ಲೀಟರ್ ಮೀರಬಾರದು. ಕೈಚೀಲದಲ್ಲಾದರೆ ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಸೀಸೆಗೆ 100 ಮಿಲಿ ಮಿತಿ, ಅದೂ ಪಾರದರ್ಶಕ ಚೀಲದಲ್ಲಿ. ನಾನು ಚೆಕ್-ಇನ್‌ನಲ್ಲೇ ಇಡಲು ಹೇಳಿದೆ. ಸ್ಪ್ರೇ ಬಾಯಿಗೆ ಅಂಟುವ ಪ್ಲಾಸ್ಟಿಕ್ ಸುತ್ತಿ, ಜಿಪ್ ಕವರಿನಲ್ಲಿ ಹಾಕಿ, ಉಣ್ಣೆಯ ಸ್ವೆಟರಿನ ಮಧ್ಯೆ ನಿಲ್ಲಿಸಿ ಇಟ್ಟು ತಂದಳು. ಒಂದು ಹನಿ ಚೆಲ್ಲಿರಲಿಲ್ಲ. ಬಿಲ್ಲಿನ ಪ್ರತಿ ಜೊತೆಗಿತ್ತು, ಯಾರೂ ಕೇಳಲಿಲ್ಲ. ಪ್ರಯಾಣಿಕರಿಗೆ ಸುಂಕವಿಲ್ಲದೆ ತರಬಹುದಾದ ಮಿತಿ, ಪಾರ್ಸಲ್‌ಗೆ ಬೀಳುವ ಸುಂಕದ ದರ ಇವೆರಡೂ ಸರ್ಕಾರ ಆಗಾಗ ಬದಲಿಸುವಂಥವು. ನಿಮ್ಮ ಸರದಿ ಬಂದಾಗ ಆವತ್ತಿನ ದರ ನೋಡಿಕೊಳ್ಳಿ.

ಸೀಸೆ ಕೈಗೆ ಬಂತು, ಸ್ಪ್ರೇ ಒತ್ತಿದರೆ ಏನೂ ಬರಲಿಲ್ಲ. ವರ್ಷಗಟ್ಟಲೆ ನಿಂತ ಸೆಂಟು ನಳಿಕೆಯಲ್ಲಿ ಒಣಗಿ ಅಂಟಾಗಿತ್ತು. ಈ ಕಾಲದ ಸೀಸೆಗಳಿಗೆ ಸ್ಪ್ರೇಯನ್ನು ಲೋಹದ ಪಟ್ಟಿಯಿಂದ ಅಮುಕಿ ಕೂರಿಸಿರುತ್ತಾರೆ, ತಿರುಗಿಸಿ ಬಿಚ್ಚುವುದಕ್ಕಾಗುವುದಿಲ್ಲ. ಇಕ್ಕಳ ಹಾಕಲೇಬೇಡಿ, ಗಾಜಿನ ಕುತ್ತಿಗೆ ಹೋಗುತ್ತದೆ. ಮೇಲಿನ ಗುಂಡಿಯನ್ನಷ್ಟೇ ಮೆತ್ತಗೆ ಮೇಲಕ್ಕೆ ಎಳೆದರೆ ಬರುತ್ತದೆ. ಅದನ್ನು ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಸಣ್ಣ ಸೂಜಿಯಿಂದ ತೂತು ಬಿಡಿಸಿ, ಒಣಗಿಸಿ ಮತ್ತೆ ಕೂರಿಸಿದೆ. ಮೆಲ್ಲಗೆ ಒತ್ತುತ್ತಾ ಹೋದಂತೆ ಮೊದಲು ಬರೀ ಗಾಳಿ, ಆಮೇಲೆ ಒಂದು ಉಗುಳು, ಆಮೇಲೆ ಸರಿಯಾದ ತುಂತುರು.

ಆಗ ಬಂದ ವಾಸನೆ ಹೇಗಿತ್ತು ಅಂದರೆ, ಒಳಗಿನ ಕೋಣೆಯಿಂದ ನಮ್ಮ ಮನೆಯವರು ಕೂಗಿದರು: "ಏನ್ರೀ ಅದು, ನೈಲ್ ಪಾಲಿಶ್ ಚೆಲ್ತಾ?" ಹುಳಿ, ಘಾಟು, ಕಮಟು ಹಿಡಿದ ಎಣ್ಣೆ. ಇಷ್ಟು ತಿಂಗಳು ಕಾದದ್ದು ಇದಕ್ಕಾ ಅನ್ನಿಸಿ ಎದೆ ಕುಸಿಯಿತು. ಆ ಸಂಜೆ ಅದನ್ನು ಡಬ್ಬಕ್ಕೆ ಹಾಕಿ ಕಪಾಟಿನ ಕೆಳಗಿಟ್ಟುಬಿಟ್ಟೆ.

ಮಾರನೆಯ ದಿನ ಮಂಡಿಪೇಟೆಯ ಕಡೆ ಒಂದು ಅತ್ತರ್ ಅಂಗಡಿಗೆ ತೆಗೆದುಕೊಂಡು ಹೋದೆ. ವಯಸ್ಸಾದ ಯಜಮಾನರು, ಕೆಲಸ ಕಲಿತದ್ದು ತಮ್ಮ ತಂದೆಯಿಂದ. ಸೀಸೆಯನ್ನು ತಿರುಗಿಸಿ ನೋಡಿ, ತಾವೇ ನಾಲ್ಕೈದು ಸಲ ಗಾಳಿಗೆ ಹೊಡೆದು ಬಿಟ್ಟರು. ನನಗೆ ಹೊಟ್ಟೆ ಉರಿಯಿತು. "ನಳಿಕೇಲಿ ನಿಂತಿದ್ದದ್ದು ಕೆಟ್ಟಿರುತ್ತೆ ಸಾರ್, ಅದು ಹೋಗ್ಲಿ" ಅಂದರು. ಆಮೇಲೆ ಹತ್ತಿಯ ಮೇಲೆ ಒಂದು ಸಲ ಹೊಡೆದು, ಮೂಸದೆ, ಮೇಜಿನ ಮೇಲಿಟ್ಟು, ಬೇರೆ ಗಿರಾಕಿಯ ಜೊತೆ ಮಾತಿಗೆ ಕೂತರು. ಅರ್ಧ ಗಂಟೆಯಾದ ಮೇಲೆ ಎತ್ತಿ ಮೂಗಿನ ಹತ್ತಿರ ಹಿಡಿದರು. "ಮೇಲಿನ ನಿಂಬೆ ಸತ್ತಿದೆ. ಬುಡ ಗಟ್ಟಿಯಾಗಿದೆ. ನೋಡಿ ನೀವೇ" ಅಂತ ನನ್ನ ಕೈಗೆ ಕೊಟ್ಟರು. ಹತ್ತಿಯಲ್ಲಿ ಹುಳಿ ಇರಲೇ ಇಲ್ಲ. ಕಲ್ಲುಹೂವು ಇತ್ತು, ಲಾವಂಚ ಇತ್ತು, ಪಚ್ಚೆತೆನೆ ಇತ್ತು.

ಅವರು ಕೈಯಿಂದ ತೋರಿಸಿದ್ದರ ಹಿಂದಿನ ಕಾರಣ ಸರಳ. ನಿಂಬೆ, ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು), ಲ್ಯಾವೆಂಡರ್ ಇವುಗಳಲ್ಲಿರುವ ಹಗುರ ಅಂಶಗಳು ಗಾಳಿಯ ಜೊತೆ ಸೇರಿ ಮೊದಲು ಕೆಡುತ್ತವೆ. ಆ ಘಾಟು ಅವುಗಳದ್ದು, ಅದು ಬೇಗ ಆರಿಹೋಗುತ್ತದೆ. ಮರ, ಬೇರು, ಅಂಟು, ಕಲ್ಲುಹೂವು ಇವು ಭಾರದವು, ಸರಿಯಾಗಿಟ್ಟರೆ ದಶಕಗಟ್ಟಲೆ ಬಾಳುತ್ತವೆ. ಡ್ರಾಕರ್ ನ್ವಾರ್‌ನಲ್ಲಿ ಇನ್ನೊಂದು ವಿಶೇಷವಿದೆ. ಡೈಹೈಡ್ರೊಮಿರ್ಸಿನಾಲ್ ಅನ್ನುವ ಕೃತಕ ವಸ್ತುವನ್ನು ಅದರಲ್ಲಿ ಶೇ. 10ರಷ್ಟು ಹಾಕಿದ್ದರು ಅಂತ ಸೆಂಟಿನವರು ಹೇಳುತ್ತಾರೆ. ಅಲ್ಲಿಯವರೆಗೆ ಹೆಚ್ಚಾಗಿ ಬಟ್ಟೆ ಸೋಪು, ಪುಡಿಗಳಲ್ಲಿ ಬಳಸುತ್ತಿದ್ದದ್ದು. ಬ್ಲೀಚಿಗೂ ಜಗ್ಗದಷ್ಟು ಗಟ್ಟಿ. ತಂಪು, ಲೋಹದಂಥ, ನಿಂಬೆಯ ಸಿಪ್ಪೆಯಂಥ ವಾಸನೆ ಅದರದ್ದು. ನನ್ನ ಸೀಸೆಯಲ್ಲಿ ನಿಜವಾದ ನಿಂಬೆ ಹೋದರೂ ಆ ತಂಪು ಹಾಗೇ ಇರುವುದು ಅದರಿಂದಲೇ.

ಹಾಗಾಗಿ ಹಳೆಯ ಸೆಂಟು ತಂದವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ: ಮೊದಲ ಹತ್ತು ನಿಮಿಷದ ಮೇಲೆ ತೀರ್ಮಾನ ಮಾಡಬೇಡಿ. ಒಳ್ಳೆಯ ಸೀಸೆಗಳನ್ನು ಕೆಟ್ಟಿದೆ ಅಂತ ಸಿಂಕಿಗೆ ಸುರಿದವರ ಮಾತು ಕೇಳಿ ನನಗೆ ನಿಜವಾಗಿ ನೋವಾಗಿದೆ. ಮೂರು ಗಂಟೆ ಕಾಯಿರಿ. ಮೂರು ಗಂಟೆಯಾದರೂ ಕಮಟು, ಕ್ರೆಯಾನಿನ ವಾಸನೆ ಉಳಿದಿದ್ದರೆ ಆಗ ಬುಡವೂ ಹೋಗಿದೆ ಅಂತ ಅರ್ಥ.

ಮೈಗೆ ಹಾಕುವ ಮುಂಚೆ ಚರ್ಮದ ಪರೀಕ್ಷೆ ಮಾಡಿ, ಇದನ್ನು ಬಿಡಬೇಡಿ. ಗಾಳಿ ತಾಗಿ ಕೆಟ್ಟ ಲಿಮೊನೀನ್, ಲಿನಲೂಲ್ ತಾಜಾ ಇರುವುದಕ್ಕಿಂತ ಜಾಸ್ತಿ ಅಲರ್ಜಿ ಮಾಡುತ್ತವೆ, ಜೊತೆಗೆ ಹಳೆಯ ಕಲ್ಲುಹೂವಿನ ಸಾರ ಬೇರೆ. ಮೊಣಕೈ ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಚರ್ಮಕ್ಕೆ ಬೇಡ, ಬಟ್ಟೆಗೂ ಬೇಡ. ಅಲರ್ಜಿ ಇರುವವರು ಚರ್ಮದ ಡಾಕ್ಟರನ್ನು ಕೇಳದೆ ಈ ದಾರಿಗೇ ಬರಬೇಡಿ. ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಪ್ಟೆನ್ ಅನ್ನುವ ಅಂಶ ಬಿಸಿಲು ಬಿದ್ದಾಗ ಚರ್ಮ ಸುಟ್ಟಂತೆ ಕಪ್ಪಗೆ ಮಾಡುತ್ತದೆ; ಹಳೆಯ ಸೆಂಟನ್ನು ಕುತ್ತಿಗೆ, ಮುಂಗೈಗೆ ಹೊಡೆದುಕೊಂಡು ಬಿಸಿಲಿಗೆ ಹೋಗಬಾರದು. ನಾನು ಅಂಗಿಯ ಒಳಗೆ ಎದೆಗೆ ಮಾತ್ರ ಹಾಕುತ್ತೇನೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಗ್ಗೆ ಹಾಕಿಕೊಂಡು ರೈಲಿಗೆ ಹೊರಟೆ. ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವನು. ಎದೆಗೆ ಎರಡು ಸಲ, ಮನೆಯಲ್ಲೇ ಅರ್ಧ ಗಂಟೆ ಆರಿಸಿಕೊಂಡು ಬಟ್ಟೆ ಹಾಕಿದ್ದು. ಬೋಗಿಯಲ್ಲಿ ಅಕ್ಕಪಕ್ಕದವರ ಭುಜಕ್ಕೆ ಭುಜ ತಾಗುತ್ತದೆ, ಆ ಘಾಟನ್ನು ಅವರ ಮೂಗಿಗೆ ತರುವುದು ನ್ಯಾಯವಲ್ಲ. ಕ್ಯಾತ್ಸಂದ್ರ ದಾಟುವಾಗ ಹುಳಿಯ ಕೊನೆಯ ಎಳೆಯಷ್ಟೇ ಉಳಿದಿತ್ತು. ಹಿರೇಹಳ್ಳಿಯ ಹತ್ತಿರ ಗಿಡಮೂಲಿಕೆಗಳು ಬಂದವು. ಡ್ರಾಕರ್ ನ್ವಾರ್‌ನಲ್ಲಿ ಆರ್ಟೆಮಿಸಿಯಾ ಇದೆ, ನಮ್ಮ ದವನ, ಮಾಚಿಪತ್ರೆಯ ಬಳಗದ್ದು. ಪೂಜೆಯ ಹೂವಿನ ಬುಟ್ಟಿಯಿಂದ ದವನ ಮೂಸಿ ಬೆಳೆದವರಿಗೆ ಈ ಕಹಿ ಹಸಿರು ತಕ್ಷಣ ಗುರುತು ಸಿಗುತ್ತದೆ. ದಾಬಸ್‌ಪೇಟೆ ಕಳೆದ ಮೇಲೆ ಕೊತ್ತಂಬರಿ ಬೀಜ, ದಾಲ್ಚಿನ್ನಿ ಬೆಚ್ಚಗೆ ಮೇಲೆ ಬಂದವು. ಕಿಟಕಿಯಿಂದ ಚಳಿ ಗಾಳಿ ಬರುತ್ತಿತ್ತು, ಅಂಗಿಯ ಕಾಲರಿನ ಸಂದಿಯಿಂದ ಆ ಬಿಸಿ ಘಮ ಆಗಾಗ ಮೂಗಿಗೆ ತಾಗುತ್ತಿತ್ತು. ಸೋಲದೇವನಹಳ್ಳಿಯ ಹೊತ್ತಿಗೆ ಚರ್ಮ, ಲಾವಂಚ, ಕಲ್ಲುಹೂವು ಒಂದಾಗಿ ಕೂತವು. ಯಶವಂತಪುರದಲ್ಲಿ ಇಳಿಯುವಾಗ ದಿನಾ ನನ್ನ ಎದುರಿಗೆ ಕೂರುವ ಬ್ಯಾಂಕಿನ ಸ್ನೇಹಿತರು, "ಯಾವ್ದು ಸಾರ್ ಇವತ್ತು? ನಮ್ಮಪ್ಪ ಯಾವ್ದೋ ಹಿಂಗೇ ಹಾಕೋರು" ಅಂದರು. ಹೊಸ ಸೀಸೆಯದ್ದನ್ನು ತಿಂಗಳುಗಟ್ಟಲೆ ಹಾಕಿಕೊಂಡು ಹೋಗಿದ್ದಾಗ ಅವರು ಏನೂ ಅಂದಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಒಂದು ಗಂಟೆಯಲ್ಲಿ ಹೊಸದೇ ಮೇಲು. ಅದರ ನಿಂಬೆ, ಲ್ಯಾವೆಂಡರ್ ಜೀವಂತವಾಗಿವೆ. ಬೆಳಗ್ಗೆ ಒಂದು ಮೀಟಿಂಗಿಗೆ ಹೋಗಿ ಬರುವವರಿಗೆ ಹೊಸದು ಸಾಕು. ಹಳೆಯದ್ದು ಮಧ್ಯಾಹ್ನದ ನಂತರದ ಸೆಂಟು. ಸಂಜೆ ವಾಪಸ್ ರೈಲಿನಲ್ಲೂ ಮೈಗೆ ಅಂಟಿಕೊಂಡಿರುತ್ತದೆ, ಮೆತ್ತಗೆ, ಹತ್ತಿರ ಬಂದವರಿಗೆ ಮಾತ್ರ.

ಗುಬ್ಬಿಗೆ ಹೋಗಿ ಚಿಕ್ಕಪ್ಪನ ಮುಂದೆ ಇಡುವವರೆಗೆ ನನಗೆ ಸಮಾಧಾನವಿರಲಿಲ್ಲ. ಅವರಿಗೀಗ ಎಪ್ಪತ್ತು ದಾಟಿದೆ. ಸೀಸೆ ನೋಡಿ ಮುಖ ಅರಳಿತು. ಮಣಿಕಟ್ಟಿಗೆ ಹೊಡೆದುಕೊಂಡು ಮೂಸಿದರು.

"ಇದಲ್ಲ ಕಣಪ್ಪ. ಇದೇನೋ ಘಾಟು."

"ಸ್ವಲ್ಪ ಹೊತ್ತು ಬಿಡಿ ಚಿಕ್ಕಪ್ಪ."

ಊಟ ಮುಗಿದ ಮೇಲೆ ಮತ್ತೆ ಮೂಸಿ, ಹತ್ತಿರ ಬಂತು, ಇನ್ನೂ ಅದಲ್ಲ ಅಂದರು. ಆಮೇಲೆ ಅವರೇ ಒಂದು ಹಳೆಯ ಕಾಟನ್ ಅಂಗಿ ತಂದು, "ನಾವು ಮೈಗೆಲ್ಲಿ ಹಾಕ್ತಿದ್ವಿ? ಬಟ್ಟೆಗೆ ಹೊಡೆದು ಟ್ರಂಕಲ್ಲಿ ಇಡ್ತಿದ್ವಿ, ಊರಿಗೆ ಬರೋ ಹಿಂದಿನ ದಿನ" ಅಂದರು. ಅಂಗಿಯ ಒಳಮಗ್ಗುಲಿಗೆ ಹೊಡೆದು, ಮಡಿಸಿ, ಅವರ ಆ ಕಬ್ಬಿಣದ ಟ್ರಂಕಿನಲ್ಲೇ ಇಟ್ಟೆವು. ರಾತ್ರಿ ಅಲ್ಲೇ ಉಳಿದೆ. ಬೆಳಗ್ಗೆ ಟ್ರಂಕು ತೆಗೆದಾಗ ಇಬ್ಬರೂ ಮಾತಾಡಲಿಲ್ಲ. ಅದೇ ಒಗರು, ಅದೇ ತಂಪು. ಹೈಸ್ಕೂಲಿನಲ್ಲಿ ನನ್ನ ಮೂಗು ಹಿಡಿದುಕೊಂಡದ್ದು ಸೆಂಟಿನ ಮೊದಲ ಮುಖವನ್ನಲ್ಲ. ಮಸ್ಕತ್‌ನಿಂದ ಗುಬ್ಬಿಯವರೆಗೆ ಬಟ್ಟೆಯಲ್ಲಿ ಮಾಗಿ ಉಳಿದ ಬುಡವನ್ನು. ನೆನಪಿನ ವಾಸನೆ ಹುಡುಕುವವರು, ಅದನ್ನು ಎಲ್ಲಿ ಮೂಸಿದ್ದೆವು, ಮೈಯಲ್ಲೋ ಬಟ್ಟೆಯಲ್ಲೋ, ಹಚ್ಚಿದ ಕೂಡಲೋ ಮಾರನೆಯ ದಿನವೋ ಅಂತ ಮೊದಲು ನೆನಪು ಮಾಡಿಕೊಳ್ಳಿ. ಹಳೆಯ ಸೆಂಟು ಬಟ್ಟೆಯ ಮೇಲೆ ಹಳದಿ ಕಲೆ ಬಿಡುತ್ತದೆ, ಹಾಗಾಗಿ ಬಿಳಿ ಅಂಗಿ, ರೇಷ್ಮೆ ಬೇಡ. ಗಾಢ ಬಣ್ಣದ ಕಾಟನ್ನಿನ ಒಳಮಗ್ಗುಲು ಸರಿ.

ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಇದನ್ನು ನಿಲ್ಲಿಸಿದ್ದೇನೆ. ತುಮಕೂರಿನ ಏಪ್ರಿಲ್ ಬಿಸಿಲಿಗೆ ಒಂದೇ ಸಲ ಹಾಕಿದರೂ ಬೆವರಿನ ಜೊತೆ ಉಬ್ಬಿಕೊಂಡು ತಲೆಗೆ ಏರುತ್ತದೆ. ಆಫೀಸಿನಲ್ಲಿ ಪಕ್ಕದ ಮೇಜಿನ ಮೇಡಂ ತಲೆನೋವು ಅಂದರು, ಅವತ್ತಿಗೇ ಬಿಟ್ಟೆ. ಇದು ಕಾರ್ತಿಕದಿಂದ ಮಾಘದವರೆಗಿನ ಸೆಂಟು, ಮಳೆಗಾಲದ ಮೋಡದ ದಿನಗಳಿಗೂ ಒಗ್ಗುತ್ತದೆ. ಸೀಸೆ ಈಗ ಡಬ್ಬದೊಳಗೆ, ಉತ್ತರದ ಗೋಡೆಯ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಬಚ್ಚಲುಮನೆಯ ಶೆಲ್ಫು, ಕಿಟಕಿಯ ಕಟ್ಟೆ, ಕಾರಿನ ಡ್ಯಾಶ್‌ಬೋರ್ಡ್ ಈ ಮೂರೂ ಸೆಂಟನ್ನು ಬೇಗ ಕೊಲ್ಲುವ ಜಾಗಗಳು. ದಿನದ ಬಳಕೆಗೆ ಅತ್ತರ್ ಅಂಗಡಿಯಿಂದ ತಂದ 10 ಮಿಲಿಯ ಗಾಜಿನ ಸ್ಪ್ರೇಗೆ ಸ್ವಲ್ಪ ತುಂಬಿಕೊಂಡಿದ್ದೇನೆ, ದೊಡ್ಡ ಸೀಸೆಯನ್ನು ಪದೇಪದೇ ಹೊರಗೆ ತೆಗೆಯುವುದು ತಪ್ಪುತ್ತದೆ.

ಖರ್ಚು ಕೇಳುವವರಿಗೆ: ಸೀಸೆಗೆ 75 ಯೂರೊ, ಹಿಂದಕ್ಕೆ ಹೋದ ಪಾರ್ಸಲ್‌ಗೆ 28 ಯೂರೊ, ಜರ್ಮನಿಯೊಳಗಿನ ಸಾಗಣೆಗೆ 6 ಯೂರೊ, ಸಣ್ಣ ಗಾಜಿನ ಸ್ಪ್ರೇಗೆ 80 ರೂಪಾಯಿ. ಎಲ್ಲ ಸೇರಿ ಹತ್ತು ಸಾವಿರಕ್ಕೂ ಸ್ವಲ್ಪ ಮೇಲೆ. ಅಷ್ಟು ಹಾಕುವ ಮುಂಚೆ, ಹಳೆಯ ಸೀಸೆಗಳಿಂದ 5 ಮಿಲಿ, 10 ಮಿಲಿ ತುಂಬಿ ಮಾರುವವರು ನಮ್ಮ ದೇಶದಲ್ಲೇ ಇದ್ದಾರೆ, ಅವರ ಹತ್ತಿರ ಕೇಳಿ ನೋಡಿ. ಕೆಲವು ನೂರು ರೂಪಾಯಿಯಲ್ಲಿ ನಿಮ್ಮ ಚರ್ಮಕ್ಕೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ, ದೇಶದೊಳಗಿನ ಪಾರ್ಸಲ್ ರಸ್ತೆ ಮೇಲೂ ಬರಬಹುದಾದ್ದರಿಂದ ತಕರಾರೂ ಕಡಿಮೆ. ಪೂರ್ತಿ ಸೀಸೆಯೇ ಬೇಕು ಅಂದರೆ ಊರಿಗೆ ಬರುವ ನೆಂಟರನ್ನು ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಸೀಸೆ ಹುಡುಕಿ. ಅವರು ಹೊರಡುವುದಕ್ಕೆ ಕನಿಷ್ಠ ಒಂದು ತಿಂಗಳ ಮುಂಚೆ ಅವರ ವಿಳಾಸಕ್ಕೆ ತಲುಪುವ ಹಾಗೆ ನೋಡಿಕೊಳ್ಳಿ. ಬಂದದ್ದು ನಕಲಿ ಅಂತ ಕಂಡರೆ ಅಲ್ಲಿಂದಲೇ ವಾಪಸ್ ಕಳಿಸುವುದಕ್ಕೆ ಅಷ್ಟು ಸಮಯ ಬೇಕಾಗುತ್ತದೆ.